ಬಾಗಿನದೊಳಗೆ ಪಟಾಲಿಯ ಹಲ್ಲು

ತಣಿಸಂದ್ರ,
೧೮ ಆಗಸ್ಟ್ ೧೯೬೩, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ, ಅಲ್ಲಿಂದಲೇ ತಲೆ ಸವರಿಬಿಡು. ಮೊದಲು ನಿನ್ನ ಮೈ ಹೇಗಿದೆ ಹೇಳು. ಸಂಜೆ ಹೊತ್ತಿನ ಜ್ವರ ಬಿಟ್ಟಿದೆಯೇ? ಕೆಮ್ಮಿದಾಗ ಕೆಂಪು ಕಾಣುವುದು ನಿಂತಿತೆಂದು ಹೋದ ಸಲ ಬರೆದಿದ್ದೆ. ಅದು ನಿಜವೋ, ಅವ್ವನ ಸಮಾಧಾನಕ್ಕೆ ಬರೆದದ್ದೋ? ಅಲ್ಲಿ ಕೊಡುವ ಹಾಲು ಮೊಟ್ಟೆಯನ್ನು ಪಕ್ಕದ ಮಂಚದವಳಿಗೆ ದಾನ ಮಾಡುವ ನಿನ್ನ ಬುದ್ಧಿ ನನಗೆ ಗೊತ್ತು, ದಯವಿಟ್ಟು ಅದನ್ನು ಮಾತ್ರ ಮಾಡಬೇಡ. ಗೌರಿ ಹಬ್ಬ ಕಳೆದ ಮೇಲೆ ಎದೆಯ ಆಪರೇಷನ್ ಎಂದು ಸ್ಯಾನಟೋರಿಯಮ್ಮಿನ ಡಾಕ್ಟರು ಹೇಳಿದ್ದನ್ನು ನಾನು ಓದಿ ಹೇಳಿದಾಗ ಅವ್ವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ಹೆದರಬೇಡ, ಹೀಗೆ ಕುಯ್ದು ಹೀಗೆ ಹೊಲಿಯುತ್ತಾರೆ ಎಂದು ನನ್ನ ಅನಾಟಮಿ ಪುಸ್ತಕದ ಚಿತ್ರ ತೆಗೆದು ತೋರಿಸಿದೆ. ಚಿತ್ರ ನೋಡಿ ಇನ್ನೂ ಜೋರಾಗಿ ಅತ್ತಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ ಅಕ್ಕಾ, ಹಾಸ್ಟೆಲಿನಲ್ಲಿ ಅದೊಂದನ್ನು ಕಲಿಸಲಿಲ್ಲ.

ಮನೆಯ ಸುದ್ದಿ ಹೇಳಬೇಕೆಂದರೆ, ರಾಗಿ ಪೈರು ಚೆನ್ನಾಗಿ ಎದ್ದಿದೆ. ಕೆಂದ ಹಸು ಈಯಲು ದಿನ ನೋಡುತ್ತಿದೆ. ಭಾವ ಹೋದ ವಾರ ಚಿಕ್ಕಜಾಲದಿಂದ ಬಂದು ಒಂದು ಮೂಟೆ ಬದನೆಕಾಯಿ ಇಳಿಸಿ, ನಿಮ್ಮ ಮಗಳು ಪಟಾಲಿಯ ಕೆನ್ನೆ ಹಿಂಡಿ, ಕೂರದೆ ಹೋದರು. ನಿನ್ನ ಮಂಚದ ಹತ್ತಿರ ಬರುವುದಕ್ಕೆ ಅವರಿಗೆ ಹೆದರಿಕೆ, ಬಾರದೆ ಇರುವುದಕ್ಕೆ ನಾಚಿಕೆ; ಎರಡಕ್ಕೂ ಅವರಿಗೆ ಗೊತ್ತಿರುವ ಮದ್ದು ಬದನೆಕಾಯಿ ಒಂದೇ. ಈ ವಾರವೇ ಗೌರಿ ಹಬ್ಬವಲ್ಲವೇ, ತವರಿನ ಬಾಗಿನವನ್ನು ನಮ್ಮ ಬೀದಿಯ ಹನುಮಯ್ಯನ ಕೈಯಲ್ಲಿ ಕಳಿಸುತ್ತಿದ್ದೇವೆ. ಅವನ ಮಗಳ ಊರು ನಿಮ್ಮ ಸ್ಯಾನಟೋರಿಯಮ್ಮಿನ ಕಡೆಯೇ ಇರುವುದರಿಂದ ಅನುಕೂಲವಾಯಿತು. ಮೊರ ಕಟ್ಟುವಾಗ ಅವ್ವ ನನ್ನ ಕೈ ಎಳೆದು ಮುಟ್ಟಿಸಿದಳು. "ತಮ್ಮ ಮುಟ್ಟಿದ್ ಮೊರ ಕಣ್ಲಾ ಇದು, ಅವ್ಳ್ ಉಸ್ರು ಇದ್ರಾಗೆ ಅದೆ" ಎಂದಳು. ಸಾಯಂಕಾಲದ ಬಸ್ಸಿಗೆ ಹನುಮಯ್ಯ ಹೊರಡುವುದರೊಳಗೆ ಈ ಕಾಗದ ಮುಗಿಯಬೇಕು.

ನೀನು ಕೇಳಿರುವ ಒಂದು ಮಾತನ್ನು ನಾನು ಮರೆತಿಲ್ಲ. "ಟೇಬಲ್ ಮೇಲೆ ಮಲಗೋ ಮುಂಚೆ ನಿನ್ ಬಾಯಿಂದ ಬರ್ಲಿ ಚನ್ನ, ಪಟಾಲೀನ ನಾನೇ ಮಾಡ್ಕತೀನಿ ಅಂತ. ಅಷ್ಟು ಕೇಳಿದ್ರೆ ಕತ್ತಿ ಆಡಿದ್ದೂ ಗೊತ್ತಾಗಕಿಲ್ಲ ನಂಗೆ" ಎಂದು ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದಿದ್ದೀಯ. ಹಾಳೆಯ ಹಿಂಬದಿಯಲ್ಲಿ ಕೈಯಾಡಿಸಿದರೆ ಅಕ್ಷರ ಬೆರಳಿಗೆ ಸಿಗುತ್ತದೆ. ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮುಂಚೆ ಪಟಾಲಿಯ ಹಲ್ಲಿನ ಕಥೆ ನಿನಗೆ ಪೂರ್ತಿ ಗೊತ್ತಾಗಬೇಕು. ಅವ್ವ ಮೇಷ್ಟರ ಕೈಲಿ ಬರೆಸಿದ ಕಾಗದದಲ್ಲಿ "ಚನ್ನ ಮಗೀನ ಹಲ್ಗೆ ಔಷ್ದಿ ಹಾಕುಸ್ತಾವ್ನೆ" ಎಂದಷ್ಟೇ ಇತ್ತಂತೆ. ಔಷಧಿಯಲ್ಲ ಅಕ್ಕಾ, ತಂತಿ.

ಶುರುವಾದದ್ದು ನಿನಗೆ ಗೊತ್ತೇ ಇದೆ. ಪಟಾಲಿಗೆ ಮೇಲಿನ ಹಲ್ಲು ಮೊದಲು ಬಂತು. ಹಾಗೆ ಬಂದರೆ ಸೋದರಮಾವನಿಗೆ ಕೇಡು ಎಂದು ಊರೆಲ್ಲ ಹೇಳಿತು, ಆ ಸೋದರಮಾವ ಆಗ ಚಡ್ಡಿ ಹಾಕಿಕೊಂಡು ಸಿಟಿಯ ಹಾಸ್ಟೆಲಿನಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಿದ್ದ. ಅವ್ವ ಹಾಸ್ಟೆಲ್ ಗೇಟಿನ ಹತ್ತಿರ ಬಂದು ಅಳುತ್ತಾ ನಿಂತಳು. ವಾರ್ಡನ್ ದೊರೆಸಾನಿ ಹೊರಗೆ ಬಂದು ಯಾರು ಸತ್ತರು ಎಂದು ಇಂಗ್ಲಿಷಿನಲ್ಲಿ ಕೇಳಿದರು, ಅದನ್ನು ನಾನೇ ಕನ್ನಡಕ್ಕೆ ತಿರುಗಿಸಿ ಅವ್ವನಿಗೆ ಹೇಳಬೇಕಾಯಿತು. "ಯಾರೂ ಸತ್ತಿಲ್ಲ, ನನ್ ಮಗ ಸಾಯ್ಬಾರ್ದು ಅಂತ ಬಂದಿವ್ನಿ" ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಬರಲಿಲ್ಲ. "ಫೀವರ್, ಮ್ಯಾಡಮ್" ಅಂದೆ. ನನ್ನನ್ನು ಊರಿಗೆ ಕರೆತಂದು, ಕಂಚಿನ ಬಟ್ಟಲಲ್ಲಿ ಎಣ್ಣೆ ತುಂಬಿ, ಮಗುವನ್ನು ಅದರ ಮೇಲೆ ಬಗ್ಗಿಸಿ ಹಿಡಿದರು. ಅವಳ ಮುಖ ನೇರವಾಗಿ ನೋಡದೆ ಎಣ್ಣೆಯೊಳಗೆ ಮೊದಲು ನೋಡಬೇಕೆಂದರು. ನೋಡಿದೆ. ಎಣ್ಣೆಯೊಳಗಿಂದ ಎರಡು ಅಕ್ಕಿಕಾಳಿನಷ್ಟು ಹಲ್ಲು ಬಿಟ್ಟು ನಕ್ಕಳು. ನೀನು ಬಾಣಂತಿ ಕೋಣೆಯ ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದೆ. ನಮ್ಮ ಮಾರಕ್ಕತ್ತೆ ನೆಟಿಕೆ ಮುರಿದು, "ದೋಸ ಕಳೀತು, ಇನ್ ತಾಳಿ ಕಟ್ಟಾದೊಂದೇ ಬಾಕಿ" ಎಂದಳು, ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊಬ್ಬರಿ ಮಿಠಾಯಿ ಕೊಟ್ಟಿದ್ದರು, ಅದಕ್ಕೆ ನಕ್ಕೆ. ಆವತ್ತಿನಿಂದ ಅವಳು ನನ್ನ ಹೆಂಡತಿ. ರಜೆಗೆ ಬಂದಾಗಲೆಲ್ಲ "ನಿನ್ ಎಂಡ್ರು ಉಚ್ಚೆ ಒಯ್ಕಂಡವ್ಳೆ, ಬಾರ್ಲಾ" ಎಂದು ಕೂಗುತ್ತಿದ್ದಿರಿ.

ನೀನು ಆಸ್ಪತ್ರೆ ಸೇರಿದ ಮೇಲೆ, ಎಂದೋ ಬಿಟ್ಟಿದ್ದ ಹೆಬ್ಬೆರಳು ಅವಳ ಬಾಯಿಗೆ ಮತ್ತೆ ಹೋಯಿತು. ಬೇವಿನೆಣ್ಣೆ ಹಚ್ಚಿದರೆ ಬೇವಿನೆಣ್ಣೆಯನ್ನೂ ಚೀಪಿದಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ ಅದು, ಮುಂದಿನ ಎರಡು ಹಲ್ಲು ಬೆರಳಿಗೆ ದಾರಿ ಬಿಟ್ಟುಕೊಂಡು ಚಪ್ಪರದ ಹಾಗೆ ಮುಂದಕ್ಕೆ ಬಂದವು. ಸ್ಕೂಲಿನಲ್ಲಿ ಅವಳಿಗೆ ತುರೇಮಣೆ ಎಂದು ಹೆಸರಾಯಿತು. "ಕಾಯಿ ಹೋಳು ತರ್ಲೇನಮ್ಮಿ ಪಟಾಲಿ, ನಮ್ಮವ್ವ ಚಟ್ನಿ ಮಾಡ್ಬೇಕಂತೆ" ಎನ್ನುತ್ತಿದ್ದರು ಹುಡುಗರು. ಮೇಷ್ಟರು "ಪಟಾಲಮ್ಮ, ಬಾಯ್ ಮುಚ್ಕೊಂಡು ಪಾಠ ಓದು" ಎಂದರಂತೆ, ಈ ಪೆದ್ದಿ ನಿಜವಾಗಿ ತುಟಿ ಮುಚ್ಚಿ ಓದಲು ನೋಡಿದಳಂತೆ, ತುಟಿ ಕೂಡಲಿಲ್ಲವಂತೆ. ಅವ್ವನೇನು ಕಡಿಮೆಯೇ? "ಇಂಥ ಅಲ್ಲಿಟ್ಕಂಡು ನನ್ ಮಗನ್ ಪಕ್ಕ ಅಸೆ ಮೇಲೆ ಕುಂತ್ರೆ ಪೋಟೋದಾಗೆ ಅಲ್ಲೊಂದೇ ಬೀಳೋದು" ಎಂದು ಅವಳ ಎದುರಿಗೇ ಹೇಳಿ, ಮರುಕ್ಷಣ ಅವಳನ್ನು ಮಡಿಲಿಗೆ ಎಳೆದುಕೊಂಡು ಹೇನು ಹೆಕ್ಕುತ್ತಾಳೆ.

ನನಗೆ ಆ ನೋವು ಹೊಸದಲ್ಲ. ನೀನು ಯಾವತ್ತೂ ನೋಡಿಲ್ಲ ಅಕ್ಕಾ, ಯಾಕೆಂದರೆ ಮನೆಯಲ್ಲಿ ಎಲ್ಲರಿಗೂ ಅದೇ ಹಲ್ಲು: ಅಜ್ಜನಿಗೆ, ಅವ್ವನಿಗೆ, ನನಗೆ. ನಿನಗೊಬ್ಬಳಿಗೆ ಅಪ್ಪನ ಬಾಯಿ ಬಂತು, ಅದೃಷ್ಟ. ಸ್ಕೂಲಿನ ಹಾಸ್ಟೆಲಿನಲ್ಲಿ ಭಾನುವಾರದ ಪ್ರಾರ್ಥನೆಯ ಹಾಡಿಗೆ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಬಾಯಿ ಮಾತ್ರ ಆಡಿಸು, ಪೂರ್ತಿ ತೆಗೆಯಬೇಡ ಎನ್ನುತ್ತಿದ್ದರು. ದೊಡ್ಡ ಹುಡುಗರು ಪೇರಲೆಕಾಯಿ ತಂದು ನನ್ನಿಂದ ಒಂದೇ ಕಡಿತಕ್ಕೆ ಎರಡು ಹೋಳು ಮಾಡಿಸಿ, ಹೋಳಿನ ಮೇಲಿನ ಹಲ್ಲಿನ ಗುರುತನ್ನು ಊಟದ ಮನೆಯಲ್ಲೆಲ್ಲ ತೋರಿಸುತ್ತಿದ್ದರು. ಬಾಯಿ ಮುಚ್ಚಿ ನಗುವುದನ್ನು, ಕೈ ಅಡ್ಡ ಇಟ್ಟು ಮಾತಾಡುವುದನ್ನು ಅಲ್ಲಿ ಕಲಿತೆ. ಹಲ್ಲಿನ ಡಾಕ್ಟರಿಕೆಗೆ ಯಾಕೆ ಸೇರಿದೆ ಎಂದು ಎಲ್ಲರೂ ಕೇಳುತ್ತಾರೆ. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲ ಎನ್ನುತ್ತೇನೆ. ಅದೂ ನಿಜವೇ.

ನಮ್ಮ ಕಾಲೇಜಿನಲ್ಲಿ ಒಬ್ಬ ಲೆಕ್ಚರರು ಇದ್ದಾರೆ, ಪರದೇಶಕ್ಕೆ ಹೋಗಿ ಮಕ್ಕಳ ಹಲ್ಲು ತಿದ್ದುವುದನ್ನೇ ಓದಿಕೊಂಡು ಬಂದವರು. ಅವರ ಕ್ಲಾಸಿನಲ್ಲಿ ಯಾರನ್ನು ಯಾವಾಗ ಏಳಿಸುತ್ತಾರೋ ಹೇಳಲಾಗದು. ಸೇರಿದ ಹೊಸದರಲ್ಲಿ ಅವರು ಹೇಳಿದರು, ಎಂಟು ವರ್ಷದ ದವಡೆ ಹಸಿ ಇಟ್ಟಿಗೆ, ಒತ್ತಿದ ಹಾಗೆ ಕೂರುತ್ತದೆ. ಹದಿನೆಂಟರ ದವಡೆ ಸುಟ್ಟ ಇಟ್ಟಿಗೆ, ಒಡೆಯಬಹುದೇ ಹೊರತು ತಿದ್ದಲಾಗದು. ಹೇಳಿ ನನ್ನ ಕಡೆ ನೋಡಿ, "ಉದಾಹರಣೆ ಮುಂದಿನ ಬೆಂಚಿನಲ್ಲೇ ಕೂತಿದೆ" ಎಂದರು. ಕ್ಲಾಸು ನಕ್ಕಿತು. ಆಮೇಲೆ ಅವರು, ಹೊಸ ಹಲ್ಲು ಬರುತ್ತಿರುವ ವಯಸ್ಸಿನ ಮಗು ಯಾರ ಮನೆಯಲ್ಲಾದರೂ ಇದ್ದರೆ ಕರೆತನ್ನಿ, ಎಲ್ಲರ ಎದುರಿಗೆ ತಿದ್ದಿ ತೋರಿಸುತ್ತೇನೆ ಎಂದರು. ನನ್ನ ಕೈ ನನಗೆ ಗೊತ್ತಿಲ್ಲದೆ ಮೇಲೆದ್ದಿತ್ತು. ನಗು ನಿಲ್ಲಲಿ ಎಂದು ಎತ್ತಿದೆನೋ, ಪಟಾಲಿಗೆ ಒಳ್ಳೆಯದಾಗಲಿ ಎಂದು ಎತ್ತಿದೆನೋ ಈಗಲೂ ಹೇಳಲಾರೆ.

ಕರೆದುಕೊಂಡು ಹೋದ ದಿನದ್ದನ್ನು ಹೇಳಲೇಬೇಕು. "ನಾಳೆ ಆಸ್ಪತ್ರೆಗೆ ಓಗ್ಬೇಕು" ಎಂದು ಅವ್ವ ಅವಳಿಗೆ ಹೇಳಿದ್ದಳು, ಅಷ್ಟೇ. ಪಟಾಲಿಯ ಮಟ್ಟಿಗೆ ಲೋಕದಲ್ಲಿ ಇರುವುದು ಒಂದೇ ಆಸ್ಪತ್ರೆ, ಅದರೊಳಗೆ ನೀನಿದ್ದೀಯ. ಹಬ್ಬದ ಹಸಿರು ಲಂಗ ಹಾಕಿಕೊಂಡು, ತಲೆಗೆ ಎಣ್ಣೆ ಸುರಿಸಿಕೊಂಡು, ಚೌಕದ ಬಟ್ಟೆಯಲ್ಲಿ ಏನೋ ಗಂಟು ಕಟ್ಟಿಕೊಂಡು ಹೊರಟಳು. ಹೆಬ್ಬಾಳದ ತನಕ ನಡೆದೆವು. ಒಂದು ಸಲವೂ ಎತ್ತಿಕೋ ಎನ್ನಲಿಲ್ಲ. ಬಸ್ಸಿನಲ್ಲಿ ಗಂಟು ಮೂಸಿ ನೋಡಿದೆ: ಹುರಿಗಡಲೆ ಉಂಡೆ. "ಯಾರಿಗಮ್ಮಿ?" ಎಂದರೆ ಹಲ್ಲು ಬಿಟ್ಟು ನಕ್ಕಳೇ ಹೊರತು ಹೇಳಲಿಲ್ಲ. ಆಗ ನನಗೆ ತಿಳಿಯಿತು. ನೀನು ಆ ಆಸ್ಪತ್ರೆಯಲ್ಲಿ ಸಿಗುವುದಿಲ್ಲ ಎಂದು ಬಸ್ಸಿನಲ್ಲೇ ಹೇಳಿದ್ದರೆ ಅವಳು ಇಳಿದು ಓಡುತ್ತಿದ್ದಳು, ಲೆಕ್ಚರರು ನನ್ನನ್ನು ಇಡೀ ವರ್ಷ ಕೊಲ್ಲುತ್ತಿದ್ದರು. ಹೇಳದೆಯೇ ಒಳಗೆ ಕರೆದುಕೊಂಡು ಹೋದೆ. ಕುರ್ಚಿಯ ಮೇಲೆ ಹತ್ತಿಸಿದರು. ಸುತ್ತಲೂ ಬಿಳಿ ಕೋಟಿನವರು ಬಗ್ಗಿ ನಿಂತರೆ ಒಬ್ಬೊಬ್ಬರ ಮುಖವನ್ನೂ ನೋಡಿದಳು, ನಿನ್ನ ಮುಖ ಯಾವುದರಲ್ಲಾದರೂ ಇದೆಯೇನೋ ಎಂಬಂತೆ. ಆಮೇಲೆ ಅಚ್ಚು ತೆಗೆಯಲೆಂದು ತಟ್ಟೆ ತುಂಬ ಪ್ಲಾಸ್ಟರ್ ಕಲಸಿ ಬಾಯಿಗೆ ಒತ್ತಿದರು. ಗಂಟಲಿಗೆ ಇಳಿದು ಉಸಿರು ಕಟ್ಟಿ ಒದೆಯತೊಡಗಿದಳು. "ಹಿಡಿದುಕೊಳ್ಳಯ್ಯ" ಎಂದರು. ತಲೆ ಒಬ್ಬರು ಹಿಡಿದರು, ಕೈ ನಾನು ಹಿಡಿದೆ. ಗಟ್ಟಿಯಾಗುವ ತನಕ ಬಿಡುವ ಹಾಗಿರಲಿಲ್ಲ. ಕಣ್ಣು ಮಾತ್ರ ಆಚೆ ಇತ್ತು ಅಕ್ಕಾ, ಅದು ನನ್ನನ್ನೇ ನೋಡುತ್ತಿತ್ತು. ಅಚ್ಚು ಕಿತ್ತ ಮೇಲೆ ವಾಂತಿ ಮಾಡಿ, ಬಾಯೊರೆಸಿಕೊಂಡು, ಮೊದಲು ಕೇಳಿದ ಮಾತು: "ಆಯ್ತಲ್ಲ ಮಾವ, ಈಗ ಅವ್ವನ್ತವ ಓಗಾನಾ?" ಉಂಡೆಯ ಗಂಟು ನೆಲದ ಮೇಲೆ ಬಿದ್ದು ಯಾರದೋ ಬೂಟಿನ ಕೆಳಗೆ ಪುಡಿಯಾಗಿತ್ತು.

ಮುಂದಿನ ವಾರ ಪ್ಲೇಟ್ ಕೊಟ್ಟರು. ಅಂಗುಳಿಗೆ ಕಚ್ಚಿ ಕೂರುವ ಗುಲಾಬಿ ಬಣ್ಣದ ಒಂದು ಹಲಗೆ, ಮುಂದಿನ ಹಲ್ಲುಗಳ ಮೇಲೆ ಹಾಯುವ ಒಂದು ತಂತಿ, ನಡುವೆ ಒಂದು ಪುಟಾಣಿ ಸ್ಕ್ರೂ. ಆ ಸ್ಕ್ರೂಗೆ ಕಡ್ಡಿಯಂಥ ಒಂದು ಕೀಲಿ. ಭಾನುವಾರಕ್ಕೊಮ್ಮೆ ಒಂದು ಸಲ ತಿರುಗಿಸಬೇಕು. ತಿರುಗಿಸಿದರೆ ದವಡೆ ಒಂದು ಕೂದಲೆಳೆಯಷ್ಟು ಅಗಲವಾಗುತ್ತದೆ, ಮುಂದಿನ ಹಲ್ಲು ಹಿಂದಕ್ಕೆ ಸರಿಯಲು ಜಾಗವಾಗುತ್ತದೆ. ತಿರುಗಿಸುವ ಕೆಲಸ ನನ್ನದು. ಪ್ರತಿ ಭಾನುವಾರ ಹಾಸ್ಟೆಲಿನಿಂದ ಬಂದು, ಕೈ ತೊಳೆದು, ಅವಳನ್ನು ಬೆಳಕಿಗೆ ನಿಲ್ಲಿಸಿಕೊಂಡು ತಿರುಗಿಸುತ್ತೇನೆ. ಅವಳು ಕದಲದೆ ನಿಲ್ಲುತ್ತಾಳೆ. ತಿರುಗಿಸಿದ ದಿನವೆಲ್ಲ ಹಣೆ ಸಿಡಿಯುತ್ತದಂತೆ, ಮೂಗಿನ ಬುಡ ನೋಯುತ್ತದಂತೆ. ಸ ಅಂದರೆ ಥ ಆಗುತ್ತದೆ, ಜೊಲ್ಲು ಸುರಿಯುತ್ತದೆ. ತುರೇಮಣೆ ಹೋಗಿ ಈಗ ಅವಳ ಹೆಸರು ಮುಳ್ಳುಬೇಲಿ. ಭಾವ ನೋಡಿ, "ಎತ್ತಿಗೆ ಮೂಗ್ದಾರ, ನನ್ ಮಗ್ಳಿಗೆ ಬಾಯ್ದಾರ. ಡಾಕ್ಟ್ರೇ, ಉಳಾಕೆ ಯಾವಾಗ ಕಟ್ತೀರಪ್ಪ?" ಎಂದು ನಕ್ಕರು. ಮುದ್ದೆ ನುಂಗುವವರಿಗೆ ಹಲ್ಲಿನ ಚಂದ ಯಾಕೆ ಎಂಬುದು ಅವರ ವಾದ. ಊಟಕ್ಕೆ ಪ್ಲೇಟ್ ತೆಗೆದಿಡಬಹುದು ಎಂದು ನಾನು ಎಷ್ಟು ಹೇಳಿದರೂ ಅವಳು ತೆಗೆಯುವುದಿಲ್ಲ. ಯಾಕೆಂದು ಅವ್ವನನ್ನು ಕೇಳಿದ ಮೇಲೆ ಗೊತ್ತಾಯಿತು. ಮೊದಲ ದಿನ ಅವಳು ಪ್ಲೇಟನ್ನು ಹಿತ್ತಲಿಗೆ ಎಸೆದಿದ್ದಳಂತೆ. ಅವ್ವ ಅದನ್ನು ತೊಳೆದು ತಂದು, "ಅಲ್ಲು ನೆಟ್ಟಗಾದ್ರೆ ಮಾವ ತಾಳಿ ಕಟ್ತಾನೆ, ಇಲ್ದಿದ್ರೆ ಸಿಟಿಯೋಳ್ನ ಕಟ್ಕತಾನೆ. ನಿಮ್ಮವ್ವ ತಾಳಿ ನೋಡಾಕೆ ಎದ್ದು ಬತ್ತಾಳೆ ಕಣಮ್ಮಿ" ಎಂದಳಂತೆ. ಮದುವೆಯ ಆಸೆ ಆ ವಯಸ್ಸಿಗೆ ಏನು ಗೊತ್ತು? ನೀನು ಎದ್ದು ಬರುತ್ತೀಯ ಎಂಬುದನ್ನು ಅವಳು ಹಿಡಿದುಕೊಂಡಳು.

ಅವಳು ಮುಂದೆ ಮಾಡಿದ್ದು ಇದರಿಂದಲೇ. ಕೀಲಿಯನ್ನು ನಾನು ದೇವರ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದೆ. ಒಂದು ಭಾನುವಾರ ಬಂದು ನೋಡಿದರೆ ಮುಖ ಬೆಲ್ಲದ ಅಚ್ಚಿನಂತೆ ಊದಿದೆ, ಬಾಯಿ ವಾಸನೆ, ಕಣ್ಣಿನ ಕೆಳಗೆ ಕಪ್ಪು. ಬಾಯಿ ತೆರೆಸಿದರೆ ಅಂಗುಳ ಹರಿದು ಪ್ಲೇಟಿನ ಅಂಚು ಮಾಂಸದೊಳಗೆ ಕೂತಿತ್ತು. ದಿನಾ ಸ್ಕೂಲಿನಿಂದ ಬಂದವಳೇ ಕನ್ನಡಿಯಿಲ್ಲದೆ, ಬೆರಳಿನಲ್ಲಿ ತೂತು ತಡವಿಕೊಂಡು, ಬಾಯಿಂದ ತೆಗೆಯದೆಯೇ ತಾನೇ ತಿರುಗಿಸಿಕೊಂಡಿದ್ದಾಳೆ. ಅವ್ವನಿಗೂ ಹೇಳಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ನಾನು ಕೂಗಾಡಿದೆ, ಒಂದು ಏಟೂ ಹಾಕಿದೆ. "ಬಿರ್ನೆ ಆಗ್ಲಿ ಅಂತ ಮಾವ. ಅವ್ವಂಗೆ ಕುಯ್ಯೋದ್ರೊಳ್ಗೆ ಆಗ್ಲಿ ಅಂತ" ಎಂದಳು, ಆ ಥ ಥ ಬಾಯಲ್ಲಿ. ಮರುದಿನ ಕರೆದುಕೊಂಡು ಹೋದರೆ ಲೆಕ್ಚರರು ಎಲ್ಲರ ಎದುರಿಗೆ ನನಗೆ ದನ ಕಾಯಲು ಹೋಗು ಎಂದರು. ಪ್ಲೇಟ್ ಬಿಚ್ಚಿ, ಹುಣ್ಣು ತೊಳೆದು, ಅಳತೆಪಟ್ಟಿ ಇಟ್ಟು ನೋಡಿದರು. ಆಮೇಲೆ ಕ್ಲಾಸಿನ ಕಡೆ ತಿರುಗಿ, "ಆದರೆ ಎಷ್ಟು ಚೆನ್ನಾಗಿ ಸರಿದಿದೆ ನೋಡಿ" ಎಂದರು. ಎಲ್ಲರೂ ಬಗ್ಗಿ ನೋಡಿದರು. ಹುಣ್ಣು ಮಾಗಿದ ಮೇಲೆ ಮತ್ತೆ ಹಾಕಿದ್ದಾರೆ.

ಇನ್ನೊಂದು ಸಂಗತಿ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ನಾವು ಒಬ್ಬರ ಬಾಯಿಯ ಅಚ್ಚನ್ನು ಇನ್ನೊಬ್ಬರು ತೆಗೆಯಬೇಕು. ನನ್ನದನ್ನು ತೆಗೆದವನು ಯಲಹಂಕದ ಕಡೆಯ ಅಶ್ವತ್ಥಪ್ಪ. ಲೆಕ್ಚರರು ಎಲ್ಲರ ಮಾಡೆಲ್ ನೋಡುತ್ತಾ ಬಂದು ನನ್ನದರ ಹತ್ತಿರ ನಿಂತರು. ಒಳಗೆ ಹೋಗಿ ಪಟಾಲಿಯ ಮೊದಲ ಅಚ್ಚನ್ನು ತಂದು ಪಕ್ಕದಲ್ಲಿ ಇಟ್ಟರು. ಒಂದೇ ದವಡೆ ಅಕ್ಕಾ. ಒಂದು ದೊಡ್ಡದು, ಒಂದು ಸಣ್ಣದು, ಅಷ್ಟೇ. ಎಡಗಡೆಯ ಹಲ್ಲು ಬಲಗಡೆಯದರ ಮೇಲೆ ಅರ್ಧ ಏರಿ ಕೂತಿರುವುದು ಕೂಡ ಹಾಗೆ ಹಾಗೇ. ನಿನಗೇನಾಗಬೇಕು ಈ ಮಗು ಎಂದರು. "ಅಕ್ಕನ ಮಗಳು ಸಾರ್." ಅಶ್ವತ್ಥಪ್ಪನಿಗೆ ನಾಲಗೆ ತಡೆಯಲಿಲ್ಲ: "ಅಕ್ಕನ್ ಮಗಳಷ್ಟೇ ಅಲ್ಲ ಸಾರ್, ಇವ್ನಿಗೇ ಕೊಡೋ ಹುಡ್ಗಿ. ನಮ್ ಕಡೆ ಹಂಗೇ ಸಾರ್!" ಇಡೀ ಕ್ಲಾಸು ಮೇಜು ಬಡಿದು ನಕ್ಕಿತು. ಲೆಕ್ಚರರು ನಗಲಿಲ್ಲ. ಎರಡು ಮಾಡೆಲ್ಲುಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿ, ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟು, "ಮೂರನೆಯದಕ್ಕೂ ಜಾಗ ಇರಲಿ" ಎಂದರು. ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಆ ಜಾಗದಲ್ಲಿ ಮೇಣದಲ್ಲಿ ಕೆತ್ತಿದ ಒಂದು ಪುಟ್ಟ ದವಡೆ ಇತ್ತು. ಹಲ್ಲು ಸಲಿಕೆಯಷ್ಟು ಮುಂದಕ್ಕೆ. ಅದಕ್ಕೊಂದು ಕುಲಾವಿಯನ್ನೂ ಹಾಕಿದ್ದರು. ನಾನೂ ನಗಬೇಕಾಯಿತು, ಬಾಯಿ ಮುಚ್ಚಿ. ನಮ್ಮ ಕ್ಲಾಸಿನಲ್ಲಿ ತಾಹೆರಾ ಎಂಬ ಹುಡುಗಿ ಇದ್ದಾಳೆ, ಯಾರ ಜೊತೆಯೂ ಹೆಚ್ಚು ಮಾತಿಲ್ಲ, ಅವಳು ಬಂದು ಮೇಣದ್ದನ್ನು ತೆಗೆದು ಕಸದ ಬುಟ್ಟಿಗೆ ಹಾಕಿ, "ಆ ಮಗು ಹಲ್ಲು ಯಾರಿಗೋಸ್ಕರ ಸರಿ ಮಾಡ್ತಿದ್ದೀರಿ ನೀವು? ಅವಳಿಗೋಸ್ಕರಾನಾ, ನಿಮಗೋಸ್ಕರಾನಾ?" ಎಂದು ಕೇಳಿದಳು. ಅದಕ್ಕೆ ಉತ್ತರ ಈಗ ತೋಚಿದೆ.

ಒಳ್ಳೆಯ ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಹಲ್ಲು ಬಹಳ ಮಟ್ಟಿಗೆ ಹಿಂದಕ್ಕೆ ಸರಿದಿದೆ. ಹೋದ ವಾರ ಅವಳು ತುಟಿ ಮುಚ್ಚಿ ಕೂತಿದ್ದಳು, ಎಷ್ಟು ಹೊತ್ತು ನೋಡಿದೆ ಗೊತ್ತೇ? ತುಟಿ ಮುಚ್ಚಿದರೆ ಅವಳಿಗೆ ನಿನ್ನ ಮುಖ ಬರುತ್ತದೆ. ಇನ್ನು ಕೆಲವು ವರ್ಷ, ಕಾಯಂ ಹಲ್ಲು ಪೂರ್ತಿ ಬರುವ ತನಕ, ಹಿಡಿದಿಡಬೇಕು. ಬಿಟ್ಟರೆ ಮತ್ತೆ ಹಳೆಯ ದಾರಿಗೇ ಹೊರಡುತ್ತವಂತೆ. ನಾನು ಬಿಡುವುದಿಲ್ಲ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅವ್ವ ಆರಿಸಿದ ನೇರಳೆ ರವಿಕೆ ಕಣ ಇದೆ. ಕಣದ ಕೆಳಗೆ ಬಟ್ಟೆ ಸುತ್ತಿದ್ದು ಒಂದಿದೆ, ಬಿಚ್ಚಿದಾಗ ಹೆದರಬೇಡ. ಅದು ಪಟಾಲಿಯ ಹಲ್ಲಿನ ಅಚ್ಚು, ಈಗಿನದು. ನನ್ನನ್ನು ಕಾಡಿ ಕಾಲೇಜಿನಿಂದ ತರಿಸಿಕೊಂಡಳು. "ನಾನ್ ಅಲ್ಲಿಗೆ ಓಗಂಗಿಲ್ಲ, ನನ್ ಅಲ್ಲಾದ್ರೂ ಓಗ್ಲಿ" ಎಂದಳು. ಬಾಗಿನದ ಸಾಮಾನಲ್ಲವೇ ಎಂದು ಅವಳೇ ಅದಕ್ಕೆ ಅರಿಶಿನ ಬಳಿದು, ಒಂದೊಂದು ಹಲ್ಲಿಗೂ ಕುಂಕುಮದ ಬೊಟ್ಟು ಇಟ್ಟಿದ್ದಾಳೆ. ಮೊದಲು ನೋಡಿದಾಗ ನನಗೇ ರಕ್ತ ಎನ್ನಿಸಿತು.

ಅವ್ವ ನಿನಗೆ ಒಳ್ಳೆಯದಾಗಲೆಂದು ಮುನೇಶ್ವರನಿಗೆ ಹರಕೆ ಹೊತ್ತಿದ್ದಾಳೆ. ಮಾರಕ್ಕತ್ತೆ ಕೇಳಿದಳೆಂದು ಹೇಳು ಎಂದಿದ್ದಾ​ಳೆ. ಭಾವನಿಗೆ ನೀನೇ ಒಂದು ಸಾಲು ಬರೆ, ಬದನೆಕಾಯಿ ಸಾಕು ಎಂದು. ಟೇಬಲ್ ಮೇಲೆ ಮಲಗಿದಾಗ ಉಸಿರು ನಿಧಾನವಾಗಿ ಎಳೆದುಕೋ, ಮೂಗಿಗೆ ಇಟ್ಟ ಔಷಧಿಯನ್ನು ತಳ್ಳಬೇಡ. ತವರಿನ ಅರಿಶಿನ ನಿನ್ನ ಕೆನ್ನೆಯ ಮೇಲೆ ಬಹಳ ವರ್ಷ ಇರಲಿ.

ನಿನ್ನ ಮಡಿಲಲ್ಲಿ ಬೆಳೆದ ತಮ್ಮ,
ಚನ್ನಕೇಶವ

ನಿನ್ನ ಮಾತಿಗೆ ಉತ್ತರ ಮರೆತು ಬಿಟ್ಟದ್ದಲ್ಲ ಅಕ್ಕಾ, ಮೇಲೆ ಬರೆಯಲು ಕೈ ಬರಲಿಲ್ಲ. ಹನುಮಯ್ಯ ಜಗುಲಿ ಮೇಲೆ ಕೂತು "ಬಸ್ ಓಯ್ತದೆ ಕಣಪ್ಪ ಡಾಕ್ಟ್ರೇ, ಏನ್ ರಾಮಾಯ್ಣ ಬರೀತಿದೀಯ" ಎನ್ನುತ್ತಿದ್ದಾನೆ. ನಾನು ಪಟಾಲಿಯನ್ನು ಮಾಡಿಕೊಳ್ಳುವುದಿಲ್ಲ. ಯಾವ ಸಿಟಿ ಹುಡುಗಿಯೂ ಇಲ್ಲ, ಹಾಗೆ ಅಂದುಕೊಳ್ಳಬೇಡ. ಆ ಬೀರುವಿನ ಮುಂದೆ ಇನ್ನೂ ಮೂರು ವರ್ಷ ದಿನಾ ಓಡಾಡಬೇಕು ನಾನು. ಆ ಮುಖವನ್ನು ಜೀವಮಾನವೆಲ್ಲ ಎದುರಿಗೆ ಕೂರಿಸಿಕೊಂಡು ಉಣ್ಣಲಾರೆ, ಅದು ನನ್ನದೇ ಮುಖ. ಬೇರೆ ಯಾರಾದರೂ ನೋಡಿ ಒಪ್ಪುವ ಹಾಗೆ ಹಲ್ಲು ಮಾಡಿಸಿ ಕೊಡುತ್ತೇನೆ, ಆ ಮಾತು ಬೇಕಾದರೆ ದೇವರ ಮೇಲೆ ಇಟ್ಟು ಹೇಳುತ್ತೇನೆ. ಆದರೆ ಒಲ್ಲೆ ಎಂಬುದು ನನ್ನ ಬಾಯಿಂದ ಬಂದರೆ ಅವ್ವ ಬಾವಿ ನೋಡುತ್ತಾಳೆ, ಭಾವ ಈ ಮನೆ ಹೊಸಿಲು ತುಳಿಯುವುದಿಲ್ಲ. ಅದು ನಿನ್ನಿಂದ ಬರಬೇಕು. ಮೇಲಿನ ಹಲ್ಲು ಮೊದಲು ಬಂದವಳು, ಎಣ್ಣೆಯಲ್ಲಿ ಮುಖ ನೋಡಿದರೂ ದೋಷ ಪೂರ್ತಿ ಕಳೆದಿಲ್ಲ, ನನ್ನ ತಮ್ಮನ ಜೀವಕ್ಕೆ ಕೇಡು ಬೇಡ ಎಂದು ಅವ್ವನಿಗೆ ಬರೆ. ಅದೊಂದನ್ನು ಅವಳು ಮರುಮಾತಿಲ್ಲದೆ ನಂಬುತ್ತಾಳೆ. ಹನುಮಯ್ಯ ಹಬ್ಬ ಮುಗಿಸಿಕೊಂಡು ವಾಪಸು ಬರುವಾಗ ಅವನ ಕೈಯಲ್ಲೇ ಕೊಡು, ಅವನಿಗೆ ಓದಲು ಬರುವುದಿಲ್ಲ. ಆಪರೇಷನ್ನಿಗೆ ಮುಂಚೆಯೇ ಬರೆದುಬಿಡು ಅಕ್ಕಾ, ಆಮೇಲೆ ಹೇಗೋ ಏನೋ. ಇವತ್ತು ಭಾನುವಾರ. ಪಟಾಲಿ ಕೀಲಿ ಹಿಡಿದುಕೊಂಡು ಬೆಳಕಿಗೆ ಮುಖ ಮಾಡಿ, ಬಾಯಿ ತೆರೆದು ನಿಂತಿದ್ದಾಳೆ.